ಇಳಿಸಿದ್ದು ವಾಪಸ್ ಏರಲ್ಲ: ಮೈಸೂರಿನ ಒಂದು ಮನೆಯ ಪ್ರಕರಣ

ಮೈಸೂರಿನಲ್ಲಿ ಮನೆ ಜೋಡಿಸಿಕೊಡುವ, ಒಳಾಂಗಣ ಮಾಡಿಕೊಡುವ ಕೆಲಸಕ್ಕೆ ಇಳಿದು ನನಗೆ 12 ವರ್ಷ ಆಯಿತು. ಈಗ ಹೇಳುವ ಮನೆಯಲ್ಲಿ ನಾನು ಮೊದಲು ತಪ್ಪು ಮಾಡಿದೆ, ಆಮೇಲೆ ತಿದ್ದಿಕೊಂಡೆ. ಈ ಕೆಲಸ ಮಾಡುವವರಿಗೂ, ತಮ್ಮ ಮನೆಯನ್ನು ತಾವೇ ಜೋಡಿಸಿಕೊಳ್ಳುವವರಿಗೂ ಉಪಯೋಗ ಆಗಲಿ ಅಂತ ಆ ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಬಡಾವಣೆ ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಾಯಿಸಿದ್ದೇನೆ.

30×40 ಸೈಟಿನಲ್ಲಿ ಕಟ್ಟಿದ ಹಳೆಯ ಮನೆ. ಕೆಳಗೆ ಹಾಲ್, ಎರಡು ರೂಮು, ಅಡುಗೆಮನೆ, ಪಕ್ಕದಲ್ಲಿ ಸ್ಟೋರ್ ರೂಮು. ಮೇಲಿನ ಮಹಡಿ ಆಮೇಲೆ ಎಬ್ಬಿಸಿದ್ದು. ಹಾಲಿನಲ್ಲಿ ಇನ್ನೂ ಕೆಂಪು ರೆಡ್ ಆಕ್ಸೈಡ್ ನೆಲ, ಕನ್ನಡಿ ಹಾಗೆ ಹೊಳೆಯುತ್ತದೆ. ಮನೆಯಲ್ಲಿ ಐದು ಜನ. 71 ವರ್ಷದ ಅತ್ತೆ, ಮಗ, ಸೊಸೆ, ಇಬ್ಬರು ಮಕ್ಕಳು. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಅತ್ತೆಯವರ ತವರು ಪಾಂಡವಪುರದ ಕಡೆ. ಅಲ್ಲಿ ಇನ್ನೂ ಅಣ್ಣತಮ್ಮಂದಿರ ಗದ್ದೆ ಇದೆ. ಕಟಾವಾಗಿ ಭತ್ತ ಮಿಲ್ಲಿಗೆ ಹೋಗಿ ಬಂದ ಮೇಲೆ ಪ್ರತಿ ವರ್ಷ ಈ ಮನೆಗೆ ಅಕ್ಕಿ ಮೂಟೆ ಬರುತ್ತದೆ. ಜೊತೆಗೆ ರಾಗಿ, ಒಂದಿಷ್ಟು ಬೆಲ್ಲ, ತೆಂಗಿನಕಾಯಿ. ಮಂಡ್ಯ ಕಡೆಯ ಹೆಣ್ಣುಮಕ್ಕಳು ಇರುವ ಮೈಸೂರಿನ ಮನೆಗಳಲ್ಲಿ ಇದು ಮಾಮೂಲು.

ನನಗೆ ಫೋನ್ ಮಾಡಿದ್ದು ಸೊಸೆ. "ಮನೇಲಿ ಜಾಗಾನೇ ಇಲ್ಲ ಮೇಡಂ. ಮಾಡ್ಯುಲರ್ ಕಿಚನ್ ಮಾಡಿಸ್ಬೇಕು, ಸ್ಟೋರ್ ರೂಮ್ ಒಡೆದು ಅಡುಗೆಮನೆಗೆ ಸೇರಿಸ್ಬೇಕು" ಅಂದರು. ಬೇರೆ ಕಡೆಯಿಂದ 5 ಲಕ್ಷ 20 ಸಾವಿರದ ಕೊಟೇಶನ್ ಕೂಡ ತರಿಸಿಟ್ಟಿದ್ದರು.

ಮೊದಲ ದಿನ ನೋಡಿದಾಗ ಅವರ ಮಾತು ನಿಜ ಅನ್ನಿಸಿತು. ಊಟದ ಟೇಬಲ್ ಮೇಲೆ ತಟ್ಟೆ ಇಡಲು ಜಾಗ ಇಲ್ಲ. ಇಡ್ಲಿ ಪಾತ್ರೆ, ಹಪ್ಪಳದ ಡಬ್ಬ, ಹಳೆಯ ಮಿಕ್ಸಿ, ಆನ್‌ಲೈನ್‌ನಲ್ಲಿ ಬಂದ ರಟ್ಟಿನ ಪೆಟ್ಟಿಗೆಗಳು. ಮಕ್ಕಳು ಸೋಫಾ ಮೇಲೆ ಕೂತು ತಟ್ಟೆಯನ್ನು ತೊಡೆ ಮೇಲಿಟ್ಟುಕೊಂಡು ಊಟ ಮಾಡುತ್ತಿದ್ದರು. ಮೆಟ್ಟಿಲಿನ ತಿರುವಿನಲ್ಲಿ ಕುಕ್ಕರ್‌ಗಳು, ಎರಡು ಹಿತ್ತಾಳೆ ಕೊಳದಪ್ಪಲೆ. ಅಡುಗೆಮನೆ 8×10 ಅಡಿ. ಮೂರು ಗೋಡೆಗೂ 7 ಅಡಿ ಎತ್ತರದಲ್ಲಿ ಸಜ್ಜ, ಅದರ ತುಂಬ ಸಾಮಾನು. ಸ್ಟೋರ್ ರೂಮಿನ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು.

ಅತ್ತೆ, ಸೊಸೆ ಇಬ್ಬರೂ ಒಳ್ಳೆಯವರೇ. ಆದರೆ ಸಾಮಾನಿನ ವಿಷಯ ಬಂದರೆ ಮಾತು ನಿಂತುಹೋಗುತ್ತಿತ್ತು. ಒಂದು ದಿನ ಸೊಸೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಮದುವೆಯಾಗಿ ಹನ್ನೊಂದು ವರ್ಷ ಆಯ್ತು ಮೇಡಂ. ಈ ಅಡುಗೆಮನೇಲಿ ನಾನು ತಂದ ಪಾತ್ರೆಗೆ ಇದು ಜಾಗ ಅಂತ ಒಂದಿಲ್ಲ." ಆ ಮಾತನ್ನು ನಾನು ಮನಸ್ಸಿಗೆ ಹಾಕಿಕೊಂಡೆ. ಅದೇ ಹೊತ್ತಿನಲ್ಲಿ ಅತ್ತೆಯವರನ್ನೂ ಹೀಗೆ ಪಕ್ಕಕ್ಕೆ ಕರೆದು ಕೇಳಬೇಕಿತ್ತು. ಕೇಳಲಿಲ್ಲ.

ಮೊದಲ ಸುತ್ತು

ನಾನು ಆಗ ಎಲ್ಲ ಮನೆಗಳಲ್ಲೂ ಮಾಡುತ್ತಿದ್ದ ಕ್ರಮ ಹೀಗಿತ್ತು. ಎಲ್ಲವನ್ನೂ ಹಾಲಿಗೆ ತಂದು ಹರಡುವುದು, ಮೂರು ಗುಂಪು ಮಾಡುವುದು: ಬೇಕು, ಯಾರಿಗಾದರೂ ಕೊಡೋದು, ಗುಜರಿಗೆ. ಒಂದು ವರ್ಷದಿಂದ ಮುಟ್ಟದ ವಸ್ತು ಬೇಡದ ವಸ್ತು ಅಂತ ಲೆಕ್ಕ. ಇಲ್ಲಿಯೂ ಅದನ್ನೇ ಮಾಡಿದೆ. ಮೂರು ದಿನದ ಕೆಲಸ. ಸೊಸೆ ರಜೆ ಹಾಕಿದ್ದರು, ಬೇಗ ಬೇಗ ತೀರ್ಮಾನ ಹೇಳುತ್ತಿದ್ದರು. ಅತ್ತೆ ಹಾಲಿನ ಮೂಲೆಯ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಏನು ಕೇಳಿದರೂ "ನೋಡ್ರಮ್ಮ, ನಿಮಗೆ ಹೆಂಗೆ ಸರಿ ಕಾಣುತ್ತೋ ಹಂಗೆ" ಅನ್ನುತ್ತಿದ್ದರು. ಅದನ್ನು ನಾನು ಒಪ್ಪಿಗೆ ಅಂದುಕೊಂಡೆ. ಮೂರನೇ ದಿನ ಮಧ್ಯಾಹ್ನ ಗುಜರಿಯವನು ಬಂದು ತೂಕ ಹಾಕಿ ತೆಗೆದುಕೊಂಡು ಹೋದ.

ಸಂಜೆ ಅತ್ತೆಯವರು ಅಡುಗೆಮನೆಗೆ ಹೋಗಿ, ಸಜ್ಜದ ಕಡೆ ತಲೆ ಎತ್ತಿ ನೋಡಿ ಕೇಳಿದರು: "ಶಾವಿಗೆ ಒರಳು ಎಲ್ಲಮ್ಮ? ಅಚ್ಚಿನ ಮರ?"

ಸೊಸೆ ಹೇಳಿದರು, "ಮೂರು ವರ್ಷದಿಂದ ಅದನ್ನ ಮುಟ್ಟೇ ಇಲ್ವಲ್ಲ ಅತ್ತೆ."

"ಮುಟ್ಟಿಲ್ಲ ಕಣಮ್ಮ. ಮೂರು ವರ್ಷದಿಂದ ಇಳಿಸಿಕೊಡೋರು ಇಲ್ಲ."

ಅಡುಗೆಮನೆಯಲ್ಲಿ ಯಾರೂ ಮಾತಾಡಲಿಲ್ಲ. ಅವರಿಗೆ ಮಂಡಿ ನೋವು ಶುರುವಾಗಿ ಮೂರು ವರ್ಷ ಆಗಿತ್ತು. ಸ್ಟೂಲು ಹತ್ತುವುದನ್ನು ಬಿಟ್ಟು ಮೂರು ವರ್ಷ. ಒತ್ತು ಶಾವಿಗೆ ಮಾಡುವುದನ್ನು ಬಿಟ್ಟೂ ಮೂರು ವರ್ಷ. ಸಂಕ್ರಾಂತಿಗೆ ಸಕ್ಕರೆ ಅಚ್ಚನ್ನು ಮನೆಯಲ್ಲಿ ಮಾಡದೆ ಅಂಗಡಿಯಿಂದ ತರುತ್ತಿದ್ದದ್ದೂ ಆಗಿನಿಂದಲೇ. ಆ ವಸ್ತುಗಳು ಯಾರಿಗೂ ಬೇಡವಾಗಿರಲಿಲ್ಲ. ಬೇಕಾದವರ ಕೈಗೆ ಎಟುಕುತ್ತಿರಲಿಲ್ಲ, ಅಷ್ಟೇ.

ಮಗ ಅವತ್ತೇ ರಾತ್ರಿ ಗುಜರಿ ಅಂಗಡಿ ಹುಡುಕಿಕೊಂಡು ಹೋದರು. ಕಬ್ಬಿಣದ ಒರಳು ಸಿಕ್ಕಿತು. ಅಚ್ಚಿನ ಮರ ಸಿಗಲಿಲ್ಲ. ತೂಕಕ್ಕೆ ಬಾರದ ಮರದ ತುಂಡು ಅಂತ ಬಿಸಾಡಿದ್ದರಂತೆ. ಹಂಸ, ಮಂಟಪ, ತುಳಸಿಕಟ್ಟೆ ಕೊರೆದಿದ್ದ ಒಂದು ಜೊತೆ. ಅತ್ತೆಯವರ ತಾಯಿ ಕೊಟ್ಟಿದ್ದು. ಅದಕ್ಕೆ ನಾನೇ ಹೊಣೆ. ಮಾರನೇ ದಿನ ಹೋಗಿ ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ, ಕಾಫಿ ಕೊಟ್ಟರು. ಅದರಿಂದ ನನಗೆ ಇನ್ನೂ ಜಾಸ್ತಿ ಸಂಕಟ ಆಯಿತು. ಕೆಲಸ ಮೂರು ವಾರ ನಿಂತಿತು.

ಆ ಮೂರು ವಾರ ನಾನು ಯೋಚನೆ ಮಾಡಿದ್ದು ಒಂದೇ. ಊಟದ ಟೇಬಲ್ ಮೇಲೆ ಇದ್ದ ಪಾತ್ರೆ, ಡಬ್ಬ ಎಲ್ಲ ಎಲ್ಲಿಂದ ಬಂದದ್ದು? ಸಜ್ಜದಿಂದ. ಮಗ ಭಾನುವಾರ ಮನೆಯಲ್ಲಿದ್ದಾಗ ಅಮ್ಮ ಕೇಳಿದ್ದನ್ನು ಇಳಿಸಿಕೊಡುತ್ತಾರೆ. ಸೋಮವಾರ ಕೆಲಸ ಮುಗಿಯುತ್ತದೆ. ಆಗ ಅದನ್ನು ವಾಪಸ್ ಏರಿಸುವವರು ಮನೆಯಲ್ಲಿಲ್ಲ. ಮುಂದಿನ ಭಾನುವಾರದ ಹೊತ್ತಿಗೆ ಮರೆತಿರುತ್ತದೆ. ಇಳಿಸಿದ್ದು ವಾಪಸ್ ಏರಲ್ಲ. ಹೀಗೆ ಟೇಬಲ್ ತುಂಬಿತು, ಆಮೇಲೆ ಮೆಟ್ಟಿಲಿನ ತಿರುವು ತುಂಬಿತು. ಸೊಸೆಗೆ ಕಂಡದ್ದು ಅತ್ತೆಯ ಸಾಮಾನಿನ ರಾಶಿ. ಅತ್ತೆಗೆ ಕಂಡದ್ದು ತನ್ನ ಕೈಗೆ ಸಿಗದ ಅಡುಗೆಮನೆ. ಇಬ್ಬರೂ ನೋಡುತ್ತಿದ್ದದ್ದು 7 ಅಡಿ ಎತ್ತರದ ಆ ಸಜ್ಜವನ್ನೇ.

ಎರಡನೇ ಸುತ್ತು

ಮತ್ತೆ ಕರೆದಾಗ ಮೊದಲು ಒಂದು ಷರತ್ತು ಹಾಕಿದೆ. ಒಂದು ತಿಂಗಳು ಏನನ್ನೂ ಬಿಸಾಡುವುದಿಲ್ಲ, ಏನನ್ನೂ ಒಡೆಯುವುದಿಲ್ಲ. ಸುಮ್ನೆ ಅಳತೆ, ಲೆಕ್ಕ, ಅಷ್ಟೇ.

ಅಳತೆ ಶುರುವಾದದ್ದು ಮನುಷ್ಯರಿಂದ. ಅತ್ತೆಯವರ ಕೈಗೆ ಒಂದು ಮಧ್ಯಮ ಗಾತ್ರದ ತಪ್ಪಲೆ ಕೊಟ್ಟೆ. ಗೋಡೆಗೆ ಎದುರಾಗಿ ನಿಂತು, ಹಿಮ್ಮಡಿ ಎತ್ತದೆ, ಎರಡೂ ಕೈಯಲ್ಲಿ ಎತ್ತುವಷ್ಟು ಎತ್ತಿ ಅಂದೆ. ಅಲ್ಲಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. 5 ಅಡಿ 4 ಇಂಚು. ಬರಿ ಕೈ ಇನ್ನೂ ಮೇಲೆ ಹೋಗುತ್ತದೆ. ಆದರೆ ಬರಿ ಕೈಯ ಅಳತೆ ಪ್ರಯೋಜನ ಇಲ್ಲ, ಶೆಲ್ಫಿನಿಂದ ತೆಗೆಯುವುದು ಪಾತ್ರೆಯನ್ನು ಅಲ್ವಾ? ಆಮೇಲೆ ಬಗ್ಗದೆ, ಕೂರದೆ ಕೈ ಎಷ್ಟು ಕೆಳಗೆ ಹೋಗುತ್ತದೆ ಅಂತ ನೋಡಿದೆ. 2 ಅಡಿ. ಅಂದರೆ ಇಡೀ ಅಡುಗೆಮನೆಯಲ್ಲಿ ಅವರ ಪಾಲಿಗೆ ಇದ್ದದ್ದು 3 ಅಡಿ 4 ಇಂಚಿನ ಒಂದು ಪಟ್ಟಿ. ಸೊಸೆಯ ಮೇಲಿನ ಗೆರೆ 5 ಅಡಿ 10 ಇಂಚಿಗೆ ಬಂತು. ಮಕ್ಕಳೂ ನಾವೂ ಅಂತ ಬಂದು ನಿಂತರು, ಅವರದ್ದೂ ಎಳೆದೆ.

ಈಗ ಆ ಪಟ್ಟಿಯಲ್ಲಿ ಏನಿತ್ತು ನೋಡಿ. ಶೋಕೇಸಿನ ಹಾಗೆ ಜೋಡಿಸಿದ್ದ, ಯಾರೂ ಮುಟ್ಟದ ಪಿಂಗಾಣಿ ಸೆಟ್ಟು. ಖಾಲಿ ಗಾಜಿನ ಬಾಟಲಿಗಳು. ಕವರಿನೊಳಗೆ ಕವರು ತುಂಬಿದ ಒಂದು ದೊಡ್ಡ ಚೀಲ. ದಿನಾ ಬೇಕಾದ ಕುಕ್ಕರ್ ಸಿಲಿಂಡರ್ ಹಿಂದೆ, ನೆಲದ ಮೇಲೆ. ಮುದ್ದೆ ಮಾಡುವ ಪಾತ್ರೆ ಸಿಂಕಿನ ಕೆಳಗೆ. ಅತ್ಯಂತ ಒಳ್ಳೆಯ ಜಾಗದಲ್ಲಿ ಅತ್ಯಂತ ಕಮ್ಮಿ ಬಳಸುವ ವಸ್ತು ಕೂತಿತ್ತು.

ಯಾವುದು ದಿನಾ ಬಳಕೆಗೆ, ಯಾವುದು ಅಲ್ಲ ಅಂತ ಬಾಯಲ್ಲಿ ಕೇಳಿದರೆ ಜಗಳ ಆಗುತ್ತದೆ. ಅದಕ್ಕೆ ದಾರ ಕಟ್ಟಿದೆವು. ಕೆಂಪು ಉಲ್ಲನ್ ದಾರ. ಅಡುಗೆಮನೆಯ ಒಂದೊಂದು ಪಾತ್ರೆಯ ಹಿಡಿಗೆ, ಕಿವಿಗೆ, ಡಬ್ಬದ ಮುಚ್ಚಳಕ್ಕೆ ಒಂದೊಂದು ತುಂಡು. ಒಟ್ಟು 132. ಯಾರು ಬಳಸುತ್ತಾರೋ ಅವರು ದಾರ ಬಿಚ್ಚಿ ಕಿಟಕಿಯ ಸರಳಿಗೆ ಕಟ್ಟಬೇಕು. 15 ದಿನ ಬಿಟ್ಟು ಹೋದಾಗ ಸರಳಿನ ಮೇಲೆ 41 ದಾರ ಇತ್ತು. ಕಿಟಕಿಯಿಂದ ಬಂದ ಗಾಳಿಗೆ ಆಡುತ್ತಿದ್ದವು. ಸೊಸೆ ಎಣಿಸಿ, ಮತ್ತೊಮ್ಮೆ ಎಣಿಸಿ, "ಇಷ್ಟೇನಾ?" ಅಂದರು. ಅವರು ತಂದಿದ್ದ ನಾನ್‌ಸ್ಟಿಕ್ ಬಾಣಲೆಗಳಲ್ಲಿ ಎರಡಕ್ಕೆ ದಾರ ಹಾಗೇ ಇತ್ತು. ಅತ್ತೆಯವರ ಹಳೆಯ ಕಬ್ಬಿಣದ ಕಾವಲಿಯ ದಾರ ಮೊದಲ ದಿನವೇ ಬಿಚ್ಚಿತ್ತು. ಯಾರೂ ಯಾರಿಗೂ ಏನೂ ಹೇಳಬೇಕಾಗಿ ಬರಲಿಲ್ಲ.

ಉಳಿದ 91 ಬೇಡ ಅಂತಲ್ಲ. ನಮ್ಮ ಮನೆಗಳಲ್ಲಿ ವರ್ಷಕ್ಕೊಮ್ಮೆ ಬೇಕಾಗುವ ಸಾಮಾನೇ ಜಾಸ್ತಿ. 15 ದಿನದ ದಾರಕ್ಕೆ ಅದು ಸಿಗುವುದಿಲ್ಲ. ಅದಕ್ಕೆ ಗೋಡೆಯಲ್ಲಿ ನೇತಾಡುತ್ತಿದ್ದ ಒಂಟಿಕೊಪ್ಪಲ್ ಪಂಚಾಂಗದ ಕ್ಯಾಲೆಂಡರ್ ಇಳಿಸಿಕೊಂಡು, ಅತ್ತೆಯವರ ಪಕ್ಕ ಕೂತೆ. ತಿಂಗಳು ತಿಂಗಳೂ ಕೇಳುತ್ತ ಹೋದೆ. ಸಂಕ್ರಾಂತಿಗೆ ಅಚ್ಚಿನ ಮರ, ಎಳ್ಳು ಬೀರುವ ಡಬ್ಬಗಳು. ಯುಗಾದಿಗೆ ಒಬ್ಬಟ್ಟಿಗೆ ದೊಡ್ಡ ಕಾವಲಿ. ಬೇಸಿಗೆಯಲ್ಲಿ ಉಪ್ಪಿನಕಾಯಿ ಜಾಡಿ, ಸಂಡಿಗೆ ಒಣಗಿಸುವ ಹಾಳೆ. ಶ್ರಾವಣದಲ್ಲಿ ವರಮಹಾಲಕ್ಷ್ಮಿಗೆ ಬೆಳ್ಳಿ ಕಳಶ. ಗೌರಿಗೆ ಬಾಗಿನದ ಮೊರ. ನವರಾತ್ರಿಗೆ ಗೊಂಬೆ. ದೀಪಾವಳಿಗೆ ನೀರು ತುಂಬುವ ಹಂಡೆ. ಎರಡು ಗಂಟೆ ಮಾತಾಡಿದರು. ಮೊದಲ ಸುತ್ತಿನ ಮೂರು ದಿನದಲ್ಲಿ ಅವರು ಹತ್ತು ಮಾತು ಆಡಿರಲಿಲ್ಲ. ಎರಡು ಗಂಟೆ ಆದ ಮೇಲೆ ತಾವಾಗೇ ಹೇಳಿದರು, "ಐದು ಕುಕ್ಕರ್ ಯಾಕಮ್ಮ? ಮೂರಕ್ಕೆ ಗ್ಯಾಸ್ಕೆಟ್ಟೇ ಇಲ್ಲ. ಕೊಟ್ಟುಬಿಡಿ." ಅವತ್ತು ಅವರು ತಾವೇ ಬೇಡ ಅಂದದ್ದು 27 ವಸ್ತು. ಮೊದಲ ಸುತ್ತಿನಲ್ಲಿ ನಾವು ಅವರಿಂದ ಕಿತ್ತುಕೊಂಡದ್ದು 19.

ಇಷ್ಟಾದ ಮೇಲೆ ಮರಗೆಲಸ. ಸ್ಟೋರ್ ರೂಮು 5×6 ಅಡಿ. ಅದರ ಬಾಗಿಲು ಒಳಗಡೆಗೆ ತೆರೆಯುತ್ತಿತ್ತು. ಎರಡೂವರೆ ಅಡಿ ಬಾಗಿಲು ಒಳಗೆ ತಿರುಗಬೇಕಾದರೆ ಅಷ್ಟು ಜಾಗ ಖಾಲಿ ಬಿಡಬೇಕು, ಜೊತೆಗೆ ಬಾಗಿಲು ಹೋಗಿ ತಾಗುವ ಗೋಡೆಯೂ ದಂಡ. ಕೀಲು ಬಿಚ್ಚಿ ಹೊರಗಡೆ ತೆರೆಯುವ ಹಾಗೆ ಮಾಡಿಸಿದೆ. ಒಬ್ಬ ಕಾರ್ಪೆಂಟರ್‌ನ ಒಂದು ದಿನದ ಕೆಲಸ. ಒಂದು ಪೂರ್ತಿ ಗೋಡೆ ಸಿಕ್ಕಿತು. ಆ ಗೋಡೆಗೆ ನೆಲದಿಂದ 6 ಇಂಚು ಎತ್ತರದಲ್ಲಿ ಮರದ ಹಲಗೆ ಹಾಕಿಸಿ ಅಕ್ಕಿ ಮೂಟೆ ಅದರ ಮೇಲೆ ಇಡಿಸಿದೆ. ಗೋಡೆಗೂ ಮೂಟೆಗೂ 4 ಇಂಚು ಸಂದು. ಮೊದಲು ಮೂಟೆ ಬರಿ ನೆಲದ ಮೇಲೆ, ಗೋಡೆಗೆ ಒರಗಿ ಇರುತ್ತಿತ್ತು. ಮಳೆಗಾಲದಲ್ಲಿ ತೇವ ಎಳೆದು ಹುಳ ಬೀಳುತ್ತಿತ್ತು. ಅವರ ಅಣ್ಣನಿಗೆ ಫೋನ್ ಮಾಡಿ, ಇನ್ನು ಮೇಲೆ 25 ಕೆಜಿ ಚೀಲದಲ್ಲೇ ತುಂಬಿಸಿ ಕಳಿಸಿ ಅಂತ ಕೇಳಿಕೊಂಡದ್ದು ಸೊಸೆ. ದೊಡ್ಡ ಮೂಟೆಯನ್ನು ಸರಿಸಿ ಹಿಂದೆ ಗುಡಿಸಲು ಯಾರಿಗೂ ಆಗುತ್ತಿರಲಿಲ್ಲ.

ಅಡುಗೆಮನೆಯ ಕಡಪ ಕಲ್ಲಿನ ಶೆಲ್ಫುಗಳನ್ನು ಒಡೆದು ತೆಗೆಯಬೇಕು ಅಂತ ಹಳೆಯ ಕೊಟೇಶನ್‌ನಲ್ಲಿ ಇತ್ತು. ನಾನು ಬೇಡ ಅಂದೆ. ಕಡಪ ಕಲ್ಲಿಗೆ ಗೆದ್ದಲು ಬರಲ್ಲ, ನೀರಿಗೆ ಉಬ್ಬಲ್ಲ, ಭಾರಕ್ಕೆ ಬಾಗಲ್ಲ. ಅದರ ತೊಂದರೆ ಒಂದೇ, 18 ಇಂಚು ಆಳ. ಹಿಂದೆ ಇಟ್ಟದ್ದು ಕಾಣುವುದಿಲ್ಲ. ಕಾಣದ್ದನ್ನು ಮತ್ತೆ ಅಂಗಡಿಯಿಂದ ತರುತ್ತೇವೆ. ಆ ಮನೆಯಲ್ಲಿ ನಾಲ್ಕು ಕಡೆ ಒಡೆದ ಧನಿಯ ಪೊಟ್ಟಣ ಸಿಕ್ಕಿತ್ತು. ಕೆಳಗಿನ ಶೆಲ್ಫಿಗೆ ಚಾನಲ್ ಹಾಕಿ, ಎಳೆದರೆ ಮುಂದೆ ಬರುವ ಪ್ಲೈವುಡ್ ತಟ್ಟೆ ಮಾಡಿಸಿದೆವು. ಸಿಂಕಿನ ಹತ್ತಿರದ್ದಕ್ಕೆ ಮಾತ್ರ ಐಎಸ್ 710 ಮುದ್ರೆ ಇರುವ, ಅಂದರೆ ನೀರು ತಡೆಯುವ ಮರೈನ್ ಪ್ಲೈವುಡ್. ಅಲ್ಲಿ ನೀರು ತಾಗದೆ ಇರಲ್ಲ, ಅಲ್ಲಿ ದುಡ್ಡು ಉಳಿಸಬಾರದು.

ಮೇಲಿನ ಶೆಲ್ಫಿಗೆ ಏನು ಮಾಡೋದು ಅಂತ ನಾನೂ ಕಾರ್ಪೆಂಟರೂ ಟೇಪು ಹಿಡಿದು ನಿಂತಿದ್ದಾಗ ಅತ್ತೆಯವರು ಹೇಳಿದರು: "ಗೊಂಬೆ ಕೂರಿಸೋ ಹಂಗೆ ಮೆಟ್ಟಿಲು ಮಾಡಿ. ಹಿಂದಿನದು ಎತ್ತರಕ್ಕಿದ್ರೆ ಎಲ್ಲಾ ಕಾಣುತ್ತಲ್ಲ." ಎಷ್ಟು ಸರಿ! ಶೆಲ್ಫಿನ ಹಿಂಭಾಗದ ಅರ್ಧಕ್ಕೆ 4 ಇಂಚು ಎತ್ತರದ ಹಲಗೆ ಮೆಟ್ಟಿಲು ಕೂರಿಸಿದೆವು. ಮುಂದೆ ಸಣ್ಣ ಡಬ್ಬ, ಹಿಂದಿನ ಮೆಟ್ಟಿಲ ಮೇಲೆ ದೊಡ್ಡದು. ಎಲ್ಲ ಡಬ್ಬದ ಮುಖವೂ ಕಾಣುತ್ತದೆ. ಉಳಿದ ಪ್ಲೈವುಡ್ ತುಂಡಿನಲ್ಲೇ ಆದ ಕೆಲಸ ಅದು. ಆಮೇಲೆ ನಾನು ಎಷ್ಟೋ ಮನೆಗೆ ಇದನ್ನೇ ಮಾಡಿಸಿದ್ದೇನೆ, ಪ್ರತಿ ಸಲ ಅವರ ನೆನಪಾಗುತ್ತದೆ.

ಶಾವಿಗೆ ಒರಳಿಗೆ ಸ್ಟೋರ್ ರೂಮಿನ ಹೊಸ ಗೋಡೆಯಲ್ಲಿ, ಸೊಂಟದ ಎತ್ತರಕ್ಕೆ ಒಂದು ಗಟ್ಟಿ ಹಲಗೆ. ಇಳಿಸಬೇಕಾದ್ದೇ ಇಲ್ಲ, ಅಲ್ಲೇ ಒತ್ತಬಹುದು. ಸಜ್ಜದ ಮೇಲೆ ಈಗ ಇರುವುದು ವರ್ಷಕ್ಕೊಮ್ಮೆ ಬೇಕಾಗುವ, ಮಗನೇ ಇಳಿಸಿ ಮಗನೇ ಏರಿಸುವ ಹಗುರ ಸಾಮಾನು ಮಾತ್ರ. ಏರಿಸುವ ದಿನವನ್ನೂ ಕ್ಯಾಲೆಂಡರ್‌ನಲ್ಲಿ ಬರೆದಿಟ್ಟಿದ್ದಾರೆ. ಗೌರಿ ಹಬ್ಬದ ಮುಂದಿನ ಭಾನುವಾರ, ಹೀಗೆ.

ಗೊಂಬೆಗಳ ವಿಷಯದಲ್ಲಿ ಮಗನಿಗೂ ನನಗೂ ಸ್ವಲ್ಪ ವಾದ ಆಯಿತು. ಅವರಿಗೆ ಕೆಳಗೆ ಪೆಟ್ಟಿಗೆ ಇರುವ, ಹಾಸಿಗೆ ಎತ್ತಿದರೆ ತೆರೆಯುವ ಮಂಚ ಬೇಕಿತ್ತು. ಆ ಹಾಸಿಗೆಯನ್ನು ಎತ್ತುವವರು ಯಾರು ಅಂತ ಕೇಳಿದೆ. ಮತ್ತೆ ಅವರೇ! ಹಳೆಯ ಮಂಚದ ಕೆಳಗೆ 14 ಇಂಚು ಜಾಗ ಇತ್ತು. ಇದ್ದ ಎರಡು ಕಬ್ಬಿಣದ ಟ್ರಂಕಿಗೆ ಚಕ್ರ ಹಾಕಿಸಿ ಒಳಗೆ ತಳ್ಳಿದೆವು. ಗೊಂಬೆಗಳನ್ನು ಪೇಪರಿನಲ್ಲಿ ಸುತ್ತಿದ್ದರು. ಪೇಪರಿನ ಮಸಿ ಮಣ್ಣಿನ ಗೊಂಬೆಯ ಬಣ್ಣಕ್ಕೆ ಹತ್ತಿತ್ತು. ಹಳೆಯ ಹತ್ತಿ ಸೀರೆ, ಪಂಚೆ ಹರಿದು ಸುತ್ತಿದೆವು. ಬಿಗಿಯಾದ ಪ್ಲಾಸ್ಟಿಕ್ ಕವರು ಬೇಡ, ಒಳಗೆ ತೇವ ಕೂರುತ್ತದೆ. ರಾಜ ರಾಣಿಯ ಪಟ್ಟದ ಗೊಂಬೆಗೆ ಬೇರೆ ಪೆಟ್ಟಿಗೆ. ಹಿಂದಿನ ವರ್ಷ ಕೂರಿಸಿದ್ದರ ಫೋಟೋ ಪ್ರಿಂಟ್ ಹಾಕಿಸಿ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದೆವು.

ಸೊಸೆಗೆ ಏನು ಸಿಕ್ಕಿತು? ಇದನ್ನು ನಾನು ಬೇಕಂತಲೇ ಕೇಳಿಕೊಂಡೆ, ಯಾಕಂದರೆ ಮೊದಲ ಸುತ್ತಿನ ತಪ್ಪನ್ನು ತಿದ್ದುವ ಭರದಲ್ಲಿ ಅವರನ್ನು ಮರೆಯುವ ಅಪಾಯ ಇತ್ತು. ಪಿಂಗಾಣಿ ಸೆಟ್ಟು ಇದ್ದ ಗೂಡು ಪೂರ್ತಿ ಅವರದ್ದಾಯಿತು. ಅವರ ಪಾತ್ರೆ, ಅವರ ಕಾಫಿ ಸಾಮಾನು, ಮಕ್ಕಳ ಟಿಫಿನ್ ಡಬ್ಬ. ಅತ್ತೆ ಅದನ್ನು ಮುಟ್ಟುವುದಿಲ್ಲ ಅಂತ ಅತ್ತೆಯೇ ಹೇಳಿದರು. ಮೇಲಿನ ರೂಮಿನ ಗೋದ್ರೇಜ್ ಬೀರುವಿನಲ್ಲಿ ಮೂರು ಅಂತಸ್ತು ಅವರಿಗೆ ಖಾಲಿಯಾಯಿತು. ಮೈಸೂರು ರೇಷ್ಮೆ ಸೀರೆಗಳನ್ನು ಅಲ್ಲಿ ಮಲ್ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾರೆ. ಆಗಾಗ ತೆಗೆದು ಮಡಿಕೆ ಬದಲಾಯಿಸಿ ಅಂತ ಹೇಳಿದ್ದೇನೆ. ಒಂದೇ ಮಡಿಕೆಯಲ್ಲಿ ಬಹಳ ಕಾಲ ಇಟ್ಟರೆ ಜರಿ ಆ ಗೆರೆಯಲ್ಲೇ ಬಿಡುತ್ತದೆ.

ಒಟ್ಟು ಖರ್ಚು, ನನ್ನ ಫೀಸೂ ಸೇರಿ, 94 ಸಾವಿರ. ಮಾಡ್ಯುಲರ್ ಕಿಚನ್ ಮಾಡಿಸಲಿಲ್ಲ. ಸ್ಟೋರ್ ರೂಮ್ ಒಡೆಯಲಿಲ್ಲ.

ಆಮೇಲೆ

ನಾಲ್ಕು ತಿಂಗಳ ನಂತರ ಹೋದಾಗ ಎಲ್ಲವೂ ಸರಿ ಇರಲಿಲ್ಲ. ಊಟದ ಟೇಬಲ್‌ನ ಅರ್ಧ ಮತ್ತೆ ತುಂಬಿತ್ತು. ಈ ಸಲ ಪಾತ್ರೆ ಅಲ್ಲ, ಸ್ಕೂಲ್ ಬ್ಯಾಗು, ಹೆಲ್ಮೆಟ್ಟು, ಪಾರ್ಸಲ್ಲು. ಹೊರಗಿಂದ ಮನೆಯೊಳಗೆ ಬರುವ ವಸ್ತು ಮೊದಲು ಎಲ್ಲಿ ಕೂರಬೇಕು ಅಂತ ನಾನು ಯೋಚಿಸಿಯೇ ಇರಲಿಲ್ಲ. ಬಾಗಿಲ ಪಕ್ಕ ಒಂದು ಬೆಂಚು, ಮೇಲೆ ಮಕ್ಕಳ ಗೆರೆಯ ಎತ್ತರಕ್ಕೆ ನಾಲ್ಕು ಕೊಕ್ಕೆ ಹಾಕಿಸಿದ ಮೇಲೆ ಅದು ಸರಿಹೋಯಿತು. ಡಬ್ಬಗಳಿಗೆ ನಾನು ಅಂಟಿಸಿದ್ದ ಚೀಟಿಯ ಅಕ್ಷರ ಅತ್ತೆಯವರಿಗೆ ಕನ್ನಡಕ ಇಲ್ಲದೆ ಕಾಣುತ್ತಿರಲಿಲ್ಲ. ಮೊಮ್ಮಗಳು ದಪ್ಪ ಪೆನ್ನಿನಲ್ಲಿ ದೊಡ್ಡದಾಗಿ ಬರೆದು ಅಂಟಿಸಿದ್ದಾಳೆ. 'ಸಾಸ್ವೆ' ಅಂತ ಬರೆದಿದ್ದಾಳೆ, ಯಾರೂ ತಿದ್ದಿಲ್ಲ.

ಅಚ್ಚಿನ ಮರ ಒಂದು ಜೊತೆಯನ್ನು ಹುಡುಕಿ ತಂದುಕೊಟ್ಟೆ. ಆ ಸಂಕ್ರಾಂತಿಗೆ ಅವರು ಅದರಲ್ಲೇ ಅಚ್ಚು ಮಾಡಿ ನಮ್ಮ ಮನೆಗೂ ಎಳ್ಳು ಕಳಿಸಿದರು. ಅವರ ತಾಯಿ ಕೊಟ್ಟ ಹಂಸ ಅದರಲ್ಲಿ ಇರಲಿಲ್ಲ. ಈಗ ಯಾವ ಮನೆಗೆ ಹೋದರೂ ಗುಜರಿಗೆ ಅಂತ ತೆಗೆದದ್ದನ್ನು ನಾನು ಅವತ್ತೇ ಕಳಿಸುವುದಿಲ್ಲ. ವರಾಂಡದಲ್ಲಿ ಒಂದು ವಾರ ಇರುತ್ತದೆ. ಮನೆಯ ಪ್ರತಿಯೊಬ್ಬರೂ ಒಂದು ಸಲ ಅದರ ಮುಂದೆ ಹಾದುಹೋಗಬೇಕು. ಮುಟ್ಟಿಲ್ಲ ಅಂದರೆ, ಯಾಕೆ ಮುಟ್ಟಿಲ್ಲ, ಯಾರಿಗೆ ಎಟುಕಲಿಲ್ಲ ಅಂತ ಕೇಳುತ್ತೇನೆ. ಯಾರ ವಸ್ತುವೋ ಅವರೇ ಬೇಡ ಅನ್ನಬೇಕು. ಅವರ ಪರವಾಗಿ ಬೇರೆಯವರು ಅಂದರೆ ಆಗುವುದಿಲ್ಲ.

ಕಳೆದ ನವರಾತ್ರಿಗೆ ಕರೆದಿದ್ದರು. ಮೊಮ್ಮಗ ಟ್ರಂಕು ಎಳೆದುಕೊಂಡು ಬಂದು, ಮುಚ್ಚಳದ ಫೋಟೋ ನೋಡಿ ನೋಡಿ ಜೋಡಿಸುತ್ತಿದ್ದ. ಅಜ್ಜಿ ಕುರ್ಚಿಯಲ್ಲಿ ಕೂತು, "ದಸರಾ ಆನೆ ಎರಡನೇ ಮೆಟ್ಟಿಲಿಗೆ ಕಣೋ" ಅನ್ನುತ್ತಿದ್ದರು. ಮೆಟ್ಟಿಲಿನ ತಿರುವು ಖಾಲಿ ಇತ್ತು. ಮೇಲಿನ ರೂಮಿನಲ್ಲಿ ಮಾತ್ರ ಎರಡು ದೊಡ್ಡ ಸೂಟ್‌ಕೇಸ್ ಹಾಗೇ ಉಳಿದಿವೆ. ಬೇರೆ ಊರಿನಲ್ಲಿರುವ ಅತ್ತೆಯವರ ಮಗಳ ಕಾಲೇಜು ಪುಸ್ತಕ, ಬಟ್ಟೆ. ಸೊಸೆಗೆ ಆ ಜಾಗ ಬೇಕು, ಅತ್ತೆಗೂ ಅದು ಗೊತ್ತು. ಮಗಳು ದೀಪಾವಳಿಗೆ ಬರುತ್ತಾಳಂತೆ. ಅಲ್ಲಿಯವರೆಗೆ ಯಾರೂ ಅದನ್ನು ತೆರೆಯುವುದು ಬೇಡ ಅಂತ ಸೊಸೆಯೇ ಹೇಳಿದರು.